ಓದುಗರ ಪ್ರಶ್ನೆ, ನಮ್ಮ ಉತ್ತರ: ಬೊಂಡ ಅಂತಲೇ ಬರೀರಿ

ಪ್ರಶ್ನೆ: ನಾನು ಕಥೆ ಬರೀಲಿಕ್ಕೆ ಸುರು ಮಾಡಿದ್ದೇನೆ. ಮನೆಯಲ್ಲಿ ಹವ್ಯಕ, ತೋಟದ ಕೆಲಸಕ್ಕೆ ಬರುವವರ ಹತ್ರ ತುಳು, ಬಸ್ಸಲ್ಲಿ ಮಲಯಾಳ. ಬರೀಲಿಕ್ಕೆ ಕೂತ್ರೆ ಎಲ್ಲ ಒಟ್ಟಿಗೇ ಬರ್ತದೆ. 'ಉಂಟು', 'ಎಂತ', 'ಒಟ್ಟೆ' ಇದೆಲ್ಲ ತೆಗ್ದು ಬೆಂಗಳೂರಿನ ಕನ್ನಡ ಹಾಕ್ಬೇಕಾ?
– ಬದಿಯಡ್ಕ ಹತ್ರದ ಒಬ್ರು ಟೀಚರ್

ಉತ್ತರ: ದಮ್ಮಯ್ಯ, ತೆಗೀಬೇಡಿ ಟೀಚರೇ. ನಾನು ಒಮ್ಮೆ ತೆಗ್ದು ಈಗ್ಲೂ ಬೇಜಾರು ಮಾಡ್ಕೊಂಡು ಕೂತವ. ನನ್ನ ಮೊದಲ ಕಥೆಯಲ್ಲಿ ಅಜ್ಜಿ ಒಬ್ಬಳು ಬಿಸಿಲಲ್ಲಿ ನಡ್ಕೊಂಡು ಬಂದ ಮೊಮ್ಮಗನಿಗೆ ಬೊಂಡ ಕೆತ್ತಿ ಕೊಡ್ತಾಳೆ, ಕಳಿಸಿದ ಪತ್ರಿಕೆಯವರು ಬೊಂಡ ಅಂದ್ರೆ ಎಣ್ಣೆಯಲ್ಲಿ ಕರಿಯುವ ತಿಂಡಿ ಅಂತ ಜನ ತಿಳ್ಕೊಳ್ತಾರೆ ಅಂತ ಹೇಳಿ ಅದನ್ನು 'ಎಳನೀರು ಕೊಟ್ಟಳು' ಅಂತ ಮಾಡಿದ್ರು, ನಾನು ಕೂಡ ಅಚ್ಚಾಗ್ತದಲ್ಲ ಅಂತ ತಲೆ ಆಡಿಸಿದೆ. ಅಚ್ಚಾಗಿ ಬಂದ ಮೇಲೆ ಓದ್ತೇನೆ, ಕತ್ತಿಯ ಪೆಟ್ಟಿನ ಸದ್ದೇ ಇಲ್ಲ! ಕೆತ್ತುದು ಹೋಯ್ತು, ಅಜ್ಜಿಯ ಕೈ ಹೋಯ್ತು, ಬರೀ ನೀರು ಉಳಿಯಿತು. ಎಳನೀರು ಒಳ್ಳೆ ಪದವೇ, ಆದ್ರೆ ಆ ಅಜ್ಜಿ ಜನ್ಮದಲ್ಲಿ ಅದನ್ನು ಹೇಳಿದವಳಲ್ಲ.

ಓದುವವರಿಗೆ ಅರ್ಥ ಆಗ್ಲಿಕ್ಕಿಲ್ಲ ಅನ್ನುವ ಹೆದರಿಕೆ ನಿಮಗೆ ಇರ್ಬಹುದು. ಅದಕ್ಕೆ ಪಕ್ಕದಲ್ಲಿ ಅರ್ಥ ಬರೀಬೇಡಿ, ವಾಕ್ಯವೇ ಅರ್ಥ ಹೇಳ್ಲಿ. 'ಕೊಡೆಯ ಒಟ್ಟೆಯಿಂದ ಮಳೆನೀರು ನೆತ್ತಿಗೆ ಬಿತ್ತು' ಅಂತ ಬರೆದ್ರೆ ಧಾರವಾಡದವರಿಗೂ ಒಟ್ಟೆ ಅಂದ್ರೆ ತೂತು ಅಂತ ಗೊತ್ತಾಗ್ತದೆ, ಮತ್ತೆ ಅವರಿಗೊಂದು ಹೊಸ ಪದ ಸಿಕ್ಕಿದ ಖುಷಿ ಬೇರೆ. ಆದ್ರೆ ಬೇಕು ಅಂತ್ಲೇ ಊರ ಪದ ತುರುಕಿಸ್ಬೇಡಿ. ಬರ್ದದ್ದನ್ನು ಗಟ್ಟಿಯಾಗಿ ಓದಿ, ನಿಮ್ಮ ಮನೆಯವರು ಪಕ್ಕದ ಕೋಣೆಯಿಂದ "ಎಂತ?" ಅಂತ ಕೇಳಿದ್ರೆ, ಅಂದ್ರೆ ನೀವು ಅವರನ್ನೇ ಮಾತಾಡಿಸಿದ್ದು ಅಂತ ಗ್ರಹಿಸಿದ್ರೆ, ಆ ಮಾತು ಸರಿಯಾಗಿ ಬಂದಿದೆ.

ಪ್ರಶ್ನೆ: ಮನೆಯಲ್ಲಿ ನಾವು ತುಳುವಲ್ಲಿ 'ಪಿಲಿ' ಹೇಳುದು, ಮಲಯಾಳದ ಫ್ರೆಂಡ್ಸ್ 'ಪುಲಿ' ಹೇಳ್ತಾರೆ, ಕನ್ನಡ ಪುಸ್ತಕದಲ್ಲಿ 'ಹುಲಿ'. ಇದ್ರಲ್ಲಿ ಹಳತು ಯಾವುದು?
– ಉಪ್ಪಳದ ಡಿಗ್ರಿ ವಿದ್ಯಾರ್ಥಿ

ಉತ್ತರ: ತಮ್ಮಾ, ಎಂಥ ಒಳ್ಳೆ ಪ್ರಶ್ನೆ ಕೇಳಿದೆ! ಕನ್ನಡದಲ್ಲೂ ಮೊದ್ಲು ಅದು ಪುಲಿಯೇ. ಪಂಪ ಬರೆದ 10ನೇ ಶತಮಾನದ ಕನ್ನಡದಲ್ಲಿ ಹೂ ಅಲ್ಲ ಪೂ, ಹಾಲು ಅಲ್ಲ ಪಾಲ್, ಹೊಸ ಅಲ್ಲ ಪೊಸ. ಆಮೇಲೆ ನಿಧಾನಕ್ಕೆ ಕನ್ನಡದಲ್ಲಿ ಪದದ ಮೊದಲಿನ 'ಪ' ಎಲ್ಲ 'ಹ' ಆಗ್ತಾ ಬಂತು, ತುಳು ಮಲಯಾಳ 'ಪ'ವನ್ನು ಬಿಡ್ಲಿಲ್ಲ. ಸಂಸ್ಕೃತದಿಂದ ಬಂದ ಪುಸ್ತಕ, ಪತ್ರ ಇಂಥವು ಕನ್ನಡದಲ್ಲೂ ಹಾಗೇ ಉಳಿದವು. ಅಂದ್ರೆ ಹಳಗನ್ನಡ ಕಷ್ಟ ಅಂತ ಬೇರೆ ಊರಿನ ಮಕ್ಕಳು ಅಳುವಾಗ ಅದರ ಅರ್ಧ ಪದ ನಿನ್ನ ಅಮ್ಮನ ಬಾಯಲ್ಲೇ ಉಂಟು, 'ಪೊಸ' ಅಂತ ನೀನು ದಿನಾ ಹೇಳ್ತಿ ಅಲ್ವಾ?

ಇನ್ನೊಂದು ಹೇಳ್ತೇನೆ, ನನಗೆ ತುಂಬ ಇಷ್ಟದ್ದು. ಅಡಿಕೆ ಮರದಿಂದ ಬೀಳುದು ಹಾಳೆ, ತುಳುವಲ್ಲಿ ಪಾಳೆ, ಅದ್ರಿಂದ ಮಾಡಿ ತಲೆಗೆ ಇಡುದು ಮುಟ್ಟಾಳೆ. ನಾವು ಬರೆಯುವ ಕಾಗದಕ್ಕೂ ಹಾಳೆ ಅಂತಲೇ ಹೆಸರು. ತೋಟಕ್ಕೆ ಹೋದಾಗೆಲ್ಲ ನನಗೆ ಇದು ನೆನಪಾಗ್ತದೆ.

ಇದರ ರುಚಿ ಹತ್ತಿದ್ರೆ ಕಿಟ್ಟೆಲ್ ನಿಘಂಟು ಹಿಡಿ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಲ್ಲಿ ಅಚ್ಚಾದದ್ದು, ಕನ್ನಡ ಪದದ ಪಕ್ಕದಲ್ಲೇ ತುಳು, ಮಲಯಾಳ, ತಮಿಳಿನ ರೂಪ ಕೂಡ ಕೊಟ್ಟಿದ್ದಾರೆ. ಒಂದು ಪದ ಹುಡುಕ್ಲಿಕ್ಕೆ ತೆರೆದು ಊಟದ ಹೊತ್ತು ದಾಟಿಸಿದವ ನಾನು. ನಾಲ್ಕು ಭಾಷೆ ಕಿವಿಗೆ ಬೀಳುವ ಕಾಸರಗೋಡಿನವರಿಗೆ ಅದನ್ನು ಓದುದು ನೆಂಟರ ಮನೆಗೆ ಹೋದ ಹಾಗೆ, ಎಲ್ಲರೂ ಗುರುತಿನವರೇ.

ಪ್ರಶ್ನೆ: ಪ್ರಾಸ ಇಲ್ಲದಿದ್ರೆ ಕವನ ಆಗ್ತದಾ?
– ಮಂಜೇಶ್ವರದಿಂದ ಒಬ್ಬರು

ಉತ್ತರ: ನಿಮ್ಮ ಊರಲ್ಲೇ ಉತ್ತರ ಉಂಟಲ್ಲ. ಸಾಲು ಸಾಲಿಗೂ ಎರಡನೇ ಅಕ್ಷರ ಒಂದೇ ಇರ್ಬೇಕು ಅನ್ನುವ ಪ್ರಾಸವನ್ನು ಗೋವಿಂದ ಪೈಗಳು 1911ರಲ್ಲೇ ಬಿಟ್ರು, ಅವರೇ ಮುಂದೆ ರಾಷ್ಟ್ರಕವಿ ಆದ್ರು. ಬಂದ್ರೆ ಬರ್ಲಿ, ಪ್ರಾಸಕ್ಕೋಸ್ಕರ ಹೇಳ್ಬೇಕಾದ ಮಾತನ್ನು ಬದಲಾಯಿಸ್ಬೇಡಿ.

ಪ್ರಶ್ನೆ: 'ಸುರಂಗ' ನಮ್ಮದೇ ಪದವಾ? ಪ್ರಾಯದಲ್ಲಿ ನಾನು ಸುರಂಗ ತೋಡುವವರ ಜೊತೆ ಕೆಲಸ ಮಾಡಿದವ. ಅದನ್ನು ಬರೀಬೇಕು ಅಂತ ಆಸೆ, ಆದ್ರೆ ಲೆಕ್ಕ ಬಿಟ್ರೆ ಬೇರೇನೂ ಬರೆದು ಗೊತ್ತಿಲ್ಲ.
– ಬಾಯಾರಿನ ಒಬ್ಬ ಕೃಷಿಕರು

ಉತ್ತರ: ಮಾವ, ಆ ಪದ ನಿಮಗಿಂತ ದೊಡ್ಡ ಪ್ರಯಾಣ ಮಾಡಿದ್ದು. ಸಂಸ್ಕೃತದಿಂದ ನಮಗೆ ಬಂತು, ಸಂಸ್ಕೃತಕ್ಕೆ ಗ್ರೀಕಿನ 'ಸಿರಿಂಕ್ಸ್'ನಿಂದ ಬಂದದ್ದು ಅಂತ ಪಂಡಿತರು ಹೇಳ್ತಾರೆ. ಸಿರಿಂಕ್ಸ್ ಅಂದ್ರೆ ಕೊಳಲು, ಕೊಳವೆ. ಆಸ್ಪತ್ರೆಯ ಸಿರಿಂಜ್ ಕೂಡ ಅದೇ ಮೂಲದ್ದು. ಆದ್ರೆ ಮುರಕಲ್ಲಿನ ಗುಡ್ಡೆಯ ಹೊಟ್ಟೆಗೆ ಅಡ್ಡಕ್ಕೆ ಕೊರೆದು, ಪಂಪು ಕರೆಂಟು ಏನೂ ಇಲ್ಲದೆ ನೀರು ತಾನಾಗಿ ಹರಿದು ಅಂಗಳಕ್ಕೆ ಬರುವ ಹಾಗೆ ಮಾಡಿ, ಆ ಹಳೇ ಪದಕ್ಕೆ ಕುಡಿಯುವ ನೀರಿನ ಅರ್ಥ ಕೊಟ್ಟವರು ನೀವುಗಳು.

ಲೆಕ್ಕ ಬರೀತೀರಿ ಅಂದ್ರಲ್ಲ, ಹಾಗೇ ಬರೀರಿ. ಎಷ್ಟು ಕೋಲು ಹೋದ್ರಿ, ದಿನಕ್ಕೆ ಎಷ್ಟು ಬುಟ್ಟಿ ಮಣ್ಣು ಹೊತ್ರಿ, ಒಳಗೆ ದೀಪ ಎಂತದ್ರಲ್ಲಿ ಇಟ್ರಿ, ಅದು ಮಿಣಮಿಣ ಆಗುವಾಗ ಎದೆ ಹೇಗಾಯ್ತು, ಪಿಕ್ಕಾಸಿನ ಸದ್ದು ಯಾವಾಗ ಬದಲಾಯ್ತು, ಮೊದಲ ಪಸೆ ಕಂಡಾಗ ಜೊತೆಗಿದ್ದವರು ಯಾವ ಭಾಷೆಯಲ್ಲಿ ಕೂಗಿದ್ರು. ಆ ಮಣ್ಣಿಗೆ, ಆ ಕಲ್ಲಿನ ಪದರಕ್ಕೆ, ಆ ಪಸೆಗೆ ನೀವು ಏನೇನು ಹೆಸರು ಹೇಳ್ತಿದ್ರೋ ಅದನ್ನೇ ಹಾಕಿ. ನಾಲ್ಕೇ ಪುಟ ಆದ್ರೂ ಸಾಕು, ನಮಗೆ ಕಳಿಸಿ. ಅಕ್ಷರ ತಪ್ಪಿದ್ರೆ ನಾನು ತಿದ್ದಿಕೊಳ್ತೇನೆ, ನಿಮ್ಮ ಒಂದೇ ಒಂದು ಪದ ಮುಟ್ಟುದಿಲ್ಲ.