ಮುಧೋಳ ಭಾಗದ ಕಬ್ಬಿನ ಖರ್ಚಿನ ಲೆಕ್ಕ ತೆಗೆದು ಸರ್ಕಾರದ ಮುಂದಿಡುವುದು ಹೇಗೆ?

ಮುಧೋಳ ತಾಲೂಕಿನ ನೂರು ಬೆಳೆಗಾರರನ್ನು ಕೇಳಿ, ಟನ್ ಕಬ್ಬಿಗೆ ಬೀಳುವ ಖರ್ಚಿನ ಸರಾಸರಿ ತೆಗೆದರೆ ದರ ಕೇಳಲು ಆಧಾರ ಆಗುತ್ತದೆಯೇ ಎಂದು ಕೇಳಿದ್ದೀರಿ. ಬರೀ ಸರಾಸರಿ ಒಯ್ದರೆ ಮೊದಲ ಸಭೆಯಲ್ಲೇ ಬಿದ್ದುಹೋಗುತ್ತದೆ.

ಸಂಘದ ಸಭೆಗೆ ಬಂದವರನ್ನಷ್ಟೇ ಕೇಳಬೇಡಿ. ಘಟಪ್ರಭಾ ದಂಡೆಯ ಊರು, ಕಾಲುವೆ ಊರು, ಬೋರ್‌ವೆಲ್ ಊರು ಎಂದು ಬೇರೆ ಮಾಡಿ. ಆರಿಸಿದ ಪ್ರತಿ ಊರಿನಲ್ಲಿ ಕಬ್ಬು ಹಚ್ಚಿದವರೆಲ್ಲರ ಪಟ್ಟಿ ಬರೆದು, ಹಿಡುವಳಿ ಗಾತ್ರದಂತೆ ಐದು ಗುಂಪು ಮಾಡಿ, ಗುಂಪಿಗೆ ಇಬ್ಬರಂತೆ ಚೀಟಿ ಎತ್ತಿ. 1970-71ರಿಂದ ನಡೆದಿರುವ ಕೇಂದ್ರದ ಸಾಗುವಳಿ ವೆಚ್ಚ ಯೋಜನೆಯ ಕ್ರಮವೂ ಇದೇ. ಹೀಗೆ ಆರಿಸಿದಾಗ ದೊಡ್ಡ ಹಿಡುವಳಿಯವರು ಲೆಕ್ಕಕ್ಕಿಂತ ಹೆಚ್ಚು ಬರುತ್ತಾರೆ. ಆದ್ದರಿಂದ ಆ ಊರಿನಲ್ಲಿ ಪ್ರತಿ ಗುಂಪಿನ ನಿಜವಾದ ಪಾಲಿನಂತೆ ತೂಕ ಕೊಡಬೇಕು.

ಉತಾರದಲ್ಲಿನ (ಪಹಣಿಯಲ್ಲಿನ) ಎಕರೆಯನ್ನೇ ನಂಬಬೇಡಿ. ಖರಾಬು, ಬದು, ಬೇರೆ ಬೆಳೆ ಎಲ್ಲ ಅದರೊಳಗೇ ಇರುತ್ತವೆ. ಮೊಬೈಲ್ ಹಿಡಿದು ಕಬ್ಬಿನ ಸುತ್ತ ನಡೆದು ಅಳೆಯಿರಿ. ಇಳುವರಿಗೆ ಕಾರ್ಖಾನೆಯ ತೂಕದ ಚೀಟಿಯನ್ನೇ ನೋಡಿ. ಆಳಿನ ಖರ್ಚನ್ನು ತಿಂಗಳಿಗೊಮ್ಮೆ ಬರೆಸಿಕೊಳ್ಳಿ. ಕಟಾವಾದ ಮೇಲೆ ಕೇಳಿದರೆ ಗೊಬ್ಬರದ ಚೀಲ ನೆನಪಿರುತ್ತವೆ, ಕಳೆ ತೆಗೆದ ಹೆಣ್ಣಾಳುಗಳ ದಿನ ನೆನಪಿರುವುದಿಲ್ಲ.

ಖರ್ಚನ್ನು ಮೂರು ಕಡೆ ಬರೆಯಿರಿ: ಕೈಯಿಂದ ಕೊಟ್ಟದ್ದು, ಮನೆಯವರ ದುಡಿಮೆಯ ಬೆಲೆ, ಸ್ವಂತ ಭೂಮಿಯ ಲಾವಣಿ (ಗೇಣಿ) ಮತ್ತು ಸ್ವಂತ ಬಂಡವಾಳದ ಬಡ್ಡಿ. ಸರ್ಕಾರದ ಲೆಕ್ಕದ ಭಾಷೆಯಲ್ಲಿ ಮೊದಲೆರಡು ಸೇರಿದರೆ ಎ2+ಎಫ್‌ಎಲ್, ಮೂರನೆಯದೂ ಸೇರಿದರೆ ಸಿ2. ದರದ ಜಗಳವೆಲ್ಲ ಈ ಎರಡರ ನಡುವಿನದೇ, ಆದ್ದರಿಂದ ಎರಡನ್ನೂ ತೋರಿಸಿ. ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ ಎಂದು ನೀರಿನ ಮುಂದೆ ಸೊನ್ನೆ ಬರೆಯಬೇಡಿ. ಬೋರ್ ಕೊರೆಸಿದ್ದು, ಮೋಟರ್ ಸವಕಳಿ ಖರ್ಚೇ. ಉಳುಮೆ, ಬೀಜದ ಕಬ್ಬಿನ ಖರ್ಚನ್ನು ನಾಟಿಯ ತಲೆಗೊಂದೇ ಕಟ್ಟಿದರೆ ಕೂಳೆ (ಕಡಿದ ಬುಡದಿಂದ ಮತ್ತೆ ಬರುವ ಬೆಳೆ) ಅಗ್ಗವಾಗಿ ಕಾಣುತ್ತದೆ. ಎರಡು ಕೂಳೆ ತೆಗೆಯುವ ಹೊಲದಲ್ಲಿ ಅದನ್ನು ಮೂರು ಬೆಳೆಗೆ ಹಂಚಿ.

ಹೆಚ್ಚಿನವರು ಎಡವುವುದು ಕಟಾವು-ಸಾಗಾಣಿಕೆಯಲ್ಲಿ. 2025-26ರ ಎಫ್‌ಆರ್‌ಪಿ, ಅಂದರೆ ಕೇಂದ್ರ ಗೊತ್ತುಮಾಡಿದ ಕಬ್ಬಿನ ಕನಿಷ್ಠ ದರ, ಶೇ 10.25 ರಿಕವರಿಗೆ (ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣ) ಟನ್ನಿಗೆ 3,550 ರೂಪಾಯಿ. ಅದು ಕಾರ್ಖಾನೆ ಬಾಗಿಲಿನ ದರ. ಕಟಾವು-ಸಾಗಾಣಿಕೆ ಮುರಿದುಕೊಂಡು ಕೈಗೆ ಬಂದ ಹಣವನ್ನು ಆದಾಯ ಎಂದು ಬರೆದು, ಅದೇ ಕಟಾವನ್ನು ಮತ್ತೆ ಖರ್ಚಿಗೂ ಹಾಕಿದರೆ ಎರಡು ಸಲ ಕಳೆದಂತಾಯಿತು. ಕಾರ್ಖಾನೆಯವರು ಮೊದಲು ಹುಡುಕುವ ತಪ್ಪೇ ಇದು.

ಸರಾಸರಿಯಲ್ಲೂ ಒಂದು ಮೋಸವಿದೆ. ಒಬ್ಬನಿಗೆ 80,000 ಖರ್ಚಿಗೆ 40 ಟನ್, ಇನ್ನೊಬ್ಬನಿಗೆ 60,000ಕ್ಕೆ 20 ಟನ್ ಎನ್ನಿ. ಟನ್ನಿಗೆ 2,000 ಮತ್ತು 3,000. ಕೂಡಿಸಿ ಅರ್ಧ ಮಾಡಿದರೆ 2,500. ಒಟ್ಟು ಖರ್ಚನ್ನು ಒಟ್ಟು ಟನ್ನಿಗೆ ಭಾಗಿಸಿದರೆ 2,333. ನಿಜವಾದದ್ದು ಎರಡನೆಯದು. ಅದಕ್ಕಿಂತ ಒಳ್ಳೆಯದೆಂದರೆ, ಕಡಿಮೆ ಖರ್ಚಿನವರಿಂದ ಹೆಚ್ಚಿನವರೆಗೆ ಸಾಲಾಗಿಟ್ಟು, ಒಟ್ಟು ಕಬ್ಬಿನಲ್ಲಿ ಎಷ್ಟು ಪಾಲು ಈಗಿನ ದರಕ್ಕೆ ಗಿಟ್ಟುತ್ತಿದೆ ಎಂದು ತೋರಿಸುವುದು. ಗಿಟ್ಟದ ಹೊಲಗಳೆಲ್ಲ ಬೋರ್‌ವೆಲ್ ಊರಿನವೇ ಆಗಿದ್ದರೆ, ನಿಮ್ಮ ಅರ್ಜಿಯಲ್ಲಿ ದರಕ್ಕಿಂತ ಮೊದಲು ಹನಿ ನೀರಾವರಿಯ ಬೇಡಿಕೆ ಬರಬೇಕು.