ಮೌಸ್ ಚಕ್ರ ನಾಲ್ಕನೇ ಪುಟದಲ್ಲಿ ಯಾಕೆ?

ನಮಸ್ಕಾರ,

ಲಿನಕ್ಸ್ ಕರ್ನಲ್‌ನ (ಆಪರೇಟಿಂಗ್ ಸಿಸ್ಟಂನ ತಿರುಳು) ಇನ್‌ಪುಟ್ ಡ್ರೈವರ್‌ಗಳ ಬಗ್ಗೆ, ಅಂದರೆ ಮೌಸ್, ಟಚ್‌ಸ್ಕ್ರೀನ್‌ಗಳ ಸುದ್ದಿಯನ್ನು ಪ್ರೋಗ್ರಾಂಗಳಿಗೆ ಮುಟ್ಟಿಸುವ ಭಾಗಗಳ ಬಗ್ಗೆ, ನೀವು ಕಳಿಸಿದ ಲೇಖನ ಓದಿದೆ. ಮಂಗಳೂರಲ್ಲೇ ಕೂತು ಈ ಕೆಲಸ ಮಾಡುವವರೊಬ್ಬರು ಕನ್ನಡದಲ್ಲಿ ಬರೆಯಲು ಹೊರಟದ್ದು ಖುಷಿಯ ವಿಷಯ. ಆದರೆ ಈಗ ಇರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಸರಕು ಉಂಟು, ಎಲ್ಲೋ ಅಡಿಯಲ್ಲಿ ಉಂಟು.

ಮೊದಲ ಮೂರು ಪುಟ ಬರೀ "ಇಂದಿನ ಅಗತ್ಯ, ನಾಳೆಯ ಅಗತ್ಯ, ಸಮತೋಲನ". ಯಾರ ಅಗತ್ಯ, ಯಾವ ಡ್ರೈವರ್, ಒಂದೂ ಗೊತ್ತಾಗುವುದಿಲ್ಲ. ನಾಲ್ಕನೇ ಪುಟದಲ್ಲಿ ಮೌಸ್‌ನ ಸ್ಕ್ರೋಲ್ ಚಕ್ರ ಬರುತ್ತದೆ. ಮಾರಾಯ್ರೆ, ಲೇಖನ ಶುರುವಾಗಬೇಕಾದದ್ದೇ ಅಲ್ಲಿಂದ! ಅದನ್ನು ಎರಡು ಸಾಲಲ್ಲಿ ಮುಗಿಸಿಬಿಟ್ಟಿದ್ದೀರಿ.

ಬಿಡಿಸಿ ಹೇಳಿ. ಚಕ್ರ ಒಂದು ಟಿಕ್ (ಬೆರಳಿಗೆ ತಾಗುವ ಒಂದು ಹೆಜ್ಜೆ) ತಿರುಗಿದರೆ ಕರ್ನಲ್ 'ರೆಲ್_ವೀಲ್' ಎಂಬ ಕೋಡ್‌ನಲ್ಲಿ 1 ಎಂದು ಕಳಿಸುತ್ತಿತ್ತು. ಆಮೇಲೆ ಟಿಕ್‌ನ ಚಿಕ್ಕ ಭಾಗವನ್ನೂ ಅಳೆಯುವ ಮೌಸ್‌ಗಳು ಬಂದವು. ಹಳೆಯ ಕೋಡ್‌ನ ಅರ್ಥವನ್ನೇ ಬದಲಿಸಿದ್ದರೆ ಹಳೆಯ ಪ್ರೋಗ್ರಾಂಗಳಲ್ಲಿ ಪುಟ ಹಾರಿಹೋಗುತ್ತಿತ್ತು. ಹಾಗಾಗಿ 2019ರ 5.0 ಆವೃತ್ತಿಯಲ್ಲಿ 'ರೆಲ್_ವೀಲ್_ಹೈ_ರೆಸ್' ಎಂಬ ಹೊಸ ಕೋಡ್ ಸೇರಿಸಿದರು. ಇದರಲ್ಲಿ ಪೂರ್ತಿ ಒಂದು ಟಿಕ್ ಎಂದರೆ 120; ಕಾಲು ಟಿಕ್ ತಿರುಗಿದರೆ 30. ಪೂರ್ತಿ ಟಿಕ್ ಆದಾಗ ಹಳೆಯ 1 ಕೂಡ ಬರುತ್ತಲೇ ಇರುತ್ತದೆ. ನೀವು ಮೂರು ಪುಟ ಹುಡುಕಿದ ಸಮತೋಲನ ಇದೇ ಅಲ್ವಾ?

"ಮುಂದೆ ಬೇಕಾಗಬಹುದು, ಖಾಲಿ ಫೀಲ್ಡ್‌ಗಳನ್ನು ಬಿಡಿ" ಎಂಬ ನಿಮ್ಮ ಸಲಹೆಯನ್ನು ನಾನು ಒಪ್ಪುವುದಿಲ್ಲ. ಇನ್‌ಪುಟ್ ಈವೆಂಟ್‌ನಲ್ಲಿ (ಕರ್ನಲ್ ಪ್ರೋಗ್ರಾಂಗೆ ಕಳಿಸುವ ಒಂದೊಂದು ಸುದ್ದಿ) ಇರುವುದು ಸಮಯ, ಟೈಪ್, ಕೋಡ್, ಮೌಲ್ಯ, ಅಷ್ಟೇ. ಹೊಸದಕ್ಕೆ ಜಾಗ ಇದ್ದದ್ದು ಇನ್ನೂ ಬಳಸದ ಕೋಡ್ ಅಂಕಿಗಳಲ್ಲಿ. ಯಾವ ಡಿವೈಸ್ ಯಾವ ಕೋಡ್ ಕಳಿಸಬಲ್ಲದು ಎಂದು ಪ್ರೋಗ್ರಾಂ ಮೊದಲೇ ಕೇಳಿ ತಿಳಿಯಬಹುದು. ಗೊತ್ತಿಲ್ಲದ ಕೋಡ್ ಬಂದರೆ ಬಿಟ್ಟು ಮುಂದೆ ಹೋಗಬಹುದು. ಯಾರೂ ಭವಿಷ್ಯ ನುಡಿಯಬೇಕಾಗಲಿಲ್ಲ.

ಮಲ್ಟಿಟಚ್ (ಒಟ್ಟಿಗೆ ಹಲವು ಬೆರಳುಗಳ ಸ್ಪರ್ಶ) ಅನ್ನು ಮೊದಲ ಏಟಿಗೇ ಸರಿಯಾದ ವಿನ್ಯಾಸ ಎಂದು ಹೊಗಳಿದ್ದೀರಿ. ಹಾಗಲ್ಲ. 2009ರಲ್ಲಿ ಬಂದ 'ಎ' ಪ್ರೋಟೋಕಾಲ್‌ನಲ್ಲಿ (ಸುದ್ದಿ ಕಳಿಸುವ ಕ್ರಮ) ಎಲ್ಲ ಬೆರಳುಗಳ ಜಾಗವನ್ನೂ ಪ್ರತಿ ಸಲ ಕಳಿಸಬೇಕಿತ್ತು. ಯಾವುದು ಯಾವ ಬೆರಳು ಎಂದು ಪತ್ತೆಹಚ್ಚುವ ಕೆಲಸ ಪ್ರೋಗ್ರಾಂನ ತಲೆಗೆ ಬಿತ್ತು. ಮರುವರ್ಷವೇ 'ಬಿ' ಬಂತು. ಇದರಲ್ಲಿ ಪ್ರತಿ ಬೆರಳಿಗೂ ಒಂದು ಸ್ಲಾಟ್ (ಅದರದ್ದೇ ಖಾನೆ), ಒಂದು ಗುರುತಿನ ಸಂಖ್ಯೆ. ಬದಲಾದದ್ದನ್ನು ಮಾತ್ರ ಕಳಿಸಿದರೆ ಸಾಕು. ಈ ಎಡವಟ್ಟನ್ನು ಮುಚ್ಚಿಡಬೇಡಿ, ಓದುಗರಿಗೆ ರುಚಿಸುವುದೇ ಅದು.

2038ರ ತೊಂದರೆ, ಅಂದರೆ 1970ರಿಂದ ಸೆಕೆಂಡ್ ಎಣಿಸುವ 32 ಬಿಟ್ ಸಂಖ್ಯೆ ಆ ವರ್ಷ ತುಂಬಿಹೋಗುವುದು, ಹಾಗೇ ಉಳಿದಿದೆ ಎಂದು ಬರೆದದ್ದೂ ತಪ್ಪು. 32 ಬಿಟ್ ಸಿಸ್ಟಂಗಳಲ್ಲಿ ಈವೆಂಟ್‌ನ ಅಳತೆ ಬದಲಿಸದೆ, ಸೆಕೆಂಡನ್ನು ಮೈನಸ್ ಇಲ್ಲದ ಸಂಖ್ಯೆಯಾಗಿ ಓದಿ 2106ರವರೆಗೆ ಎಳೆದಿದ್ದಾರೆ.

ಇನ್ನು ಹೋಲಿಕೆಗಳು. ಒಂದೇ ಪ್ಯಾರಾದಲ್ಲಿ ಯಕ್ಷಗಾನದ ಚೌಕಿ, ಬಂದರಿನ ದಕ್ಕೆ, ಕದ್ರಿ ಜಾತ್ರೆ! ಓದುಗ ಸುಮ್ನೆ ಊರು ಸುತ್ತಿ ಬರುತ್ತಾನೆ, ಡ್ರೈವರ್ ಮಾತ್ರ ಕಾಣುವುದಿಲ್ಲ. ಮೂರನ್ನೂ ತೆಗೆಯಿರಿ.

ಸಾವಿರ ಪದದೊಳಗೆ ಮತ್ತೆ ಬರೆಯಿರಿ. ಚಕ್ರಕ್ಕೆ ಅರ್ಧ ಜಾಗ ಕೊಡಿ. ಪ್ರೋಗ್ರಾಂನ ಸಾಲುಗಳ ತುಣುಕು ಒಂದೇ ಸಾಕು, ಜಾಸ್ತಿ ಬೇಡ. ತಿಂಗಳ ಕೊನೆಯೊಳಗೆ ಬಂದರೆ ಮುಂದಿನ ಸಂಚಿಕೆಗೆ ನೋಡುತ್ತೇನೆ.

ಇತಿ,
ಸಂಪಾದಕ