ಸಂಪಾದಕರ ಉತ್ತರ: ಮುರಿದುಕೊಂಡ ತೆರಿಗೆಗೆ ಮತ್ತೆ ಬಂದ ತಗಾದೆ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿ ಇಟ್ಟುಕೊಂಡಿರುವ ಓದುಗರೊಬ್ಬರು ಬರೆದ ಪತ್ರದ ಸಾರ ಇದು: ಖರೀದಿದಾರ ಕಂಪನಿಯೊಂದು ಅವರ ದಲಾಲಿಯಲ್ಲಿ ಟಿಡಿಎಸ್ (ಹಣ ಕೊಡುವವರೇ ಮೊದಲು ಮುರಿದುಕೊಂಡು ಸರ್ಕಾರಕ್ಕೆ ಕಟ್ಟುವ ತೆರಿಗೆ) ಮುರಿದುಕೊಂಡಿದೆ. ಆದರೆ ಆದಾಯ ತೆರಿಗೆ ಇಲಾಖೆ ಆ ಮೊತ್ತವನ್ನು ಒಪ್ಪದೆ, 2024-25ನೇ ತೆರಿಗೆ ನಿರ್ಧಾರಣಾ ವರ್ಷಕ್ಕೆ (ಅಂದರೆ 2023-24ರ ಆದಾಯಕ್ಕೆ) ಬಾಕಿಯ ನೋಟಿಸು ಕಳಿಸಿದೆ. "ಇಂಥವು ಎಲ್ಲರಿಗೂ ಬರುತ್ತವೆ, ಸುಮ್ಮನಿರಿ" ಎಂದು ಪೇಟೆಯವರು ಹೇಳಿದ್ದರಿಂದ ಎರಡು ತಿಂಗಳಿಂದ ಅವರು ಉತ್ತರ ಕೊಟ್ಟಿಲ್ಲ.

ಮಾನ್ಯರೇ,

ಸುಮ್ಮನಿರಿ ಎಂದವರ ಮಾತನ್ನು ದಯವಿಟ್ಟು ಇಂದೇ ಬಿಟ್ಟುಬಿಡಿ. ಅದರ ನಷ್ಟ ಹೇಳಿದವರಿಗೆ ತಟ್ಟುವುದಿಲ್ಲ. ನೋಟಿಸು ಕೈಸೇರಿ 30 ದಿನ ಕಳೆದ ಮೇಲೆ, 1961ರ ಆದಾಯ ತೆರಿಗೆ ಕಾಯ್ದೆಯ 220(2)ನೇ ಕಲಮಿನಂತೆ ಬಾಕಿಗೆ ತಿಂಗಳಿಗೆ ಶೇಕಡಾ 1ರಂತೆ ಬಡ್ಡಿ ಬೀಳುತ್ತದೆ. ಮುಂದೆ ತಮಗೆ ಬರಬೇಕಾದ ರಿಫಂಡನ್ನು ಈ ಬಾಕಿಗೆ ಹೊಂದಿಸಿಕೊಳ್ಳಲು 245ನೇ ಕಲಮು, ಬ್ಯಾಂಕಿನಿಂದ ನೇರವಾಗಿ ವಸೂಲು ಮಾಡಲು 226(3)ನೇ ಕಲಮು ಇಲಾಖೆಗೆ ಅಧಿಕಾರ ಕೊಟ್ಟಿವೆ.

ಮೊದಲು ಇಲಾಖೆಯ ಪೋರ್ಟಲ್‌ನಲ್ಲಿ ಫಾರ್ಮ್ 26ಎಎಸ್ (ತಮ್ಮ ಪ್ಯಾನ್‌ಗೆ ಜಮೆಯಾದ ತೆರಿಗೆಯ ಪಟ್ಟಿ) ತೆಗೆದು, ಕಂಪನಿ ಕೊಟ್ಟ ಫಾರ್ಮ್ 16ಎ (ಟಿಡಿಎಸ್ ಪ್ರಮಾಣಪತ್ರ) ಪಕ್ಕದಲ್ಲಿಟ್ಟು ಸಾಲು ಸಾಲಾಗಿ ನೋಡಿರಿ. ಪ್ಯಾನ್‌ನ ಹತ್ತು ಅಕ್ಷರ-ಅಂಕಿಗಳಲ್ಲಿ ಒಂದು ತಪ್ಪಿದ್ದರೂ ತಮ್ಮ ಹಣ ಬೇರೊಬ್ಬರ ಖಾತೆಯಲ್ಲಿ ಕಾಣಿಸಿಕೊಳ್ಳಬಹುದು. ಹಾಗಾಗಿದ್ದರೆ ಅದನ್ನು ತಾವು ತಿದ್ದಲಾಗದು. ಕಂಪನಿಯೇ ತನ್ನ ಟಿಡಿಎಸ್ ವಿವರಣಾಪಟ್ಟಿಯನ್ನು ತಿದ್ದಿ ಸಲ್ಲಿಸಬೇಕು. ಇದನ್ನು ಬಾಯಿಮಾತಿನಲ್ಲಿ ಕೇಳದೆ, ಬಿಲ್ಲುಗಳ ಪ್ರತಿಯೊಂದಿಗೆ ಬರವಣಿಗೆಯಲ್ಲಿ ಕೇಳಿರಿ. ತಿದ್ದುಪಡಿ 26ಎಎಸ್‌ನಲ್ಲಿ ಕಾಣಿಸಿಕೊಂಡ ಮೇಲೆ 154ನೇ ಕಲಮಿನಡಿ, ಬಾಕಿ ಹೊರಿಸಿದ ಆದೇಶದ ತಿದ್ದುಪಡಿಗೆ ಅರ್ಜಿ ಹಾಕಿರಿ. ಆದೇಶವಾದ ಆರ್ಥಿಕ ವರ್ಷ ಮುಗಿದಂದಿನಿಂದ ನಾಲ್ಕು ವರ್ಷ ಅದಕ್ಕೆ ಅವಕಾಶವಿದೆ.

ಕಂಪನಿ ಮುರಿದುಕೊಂಡ ಹಣವನ್ನು ಸರ್ಕಾರಕ್ಕೆ ಕಟ್ಟಿಯೇ ಇಲ್ಲದಿದ್ದರೆ? ಆಗಲೂ ತಾವು ಅಸಹಾಯಕರಲ್ಲ. ಮುರಿದುಕೊಂಡಷ್ಟು ತೆರಿಗೆಯನ್ನು ತಮ್ಮಿಂದ ಮತ್ತೆ ಕೇಳಬಾರದೆಂದು 205ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ದುಡಿದು ತಂದ ದಲಾಲಿಯಲ್ಲಿ ಒಮ್ಮೆ ತೆರಿಗೆ ತೆತ್ತವನು ಇನ್ನೊಬ್ಬರ ತಪ್ಪಿಗೆ ಎರಡನೇ ಬಾರಿ ತೆರುವುದು ಅನ್ಯಾಯ, ಕಾನೂನೂ ಅದನ್ನು ಒಪ್ಪುವುದಿಲ್ಲ. ಆದರೆ ಮುರಿದದ್ದಕ್ಕೆ ಪುರಾವೆ ತಾವೇ ಒದಗಿಸಬೇಕು: ದಲಾಲಿಯ ಬಿಲ್ಲು, ಕಂಪನಿಯ ಲೆಕ್ಕದ ಉತಾರೆ, ಟಿಡಿಎಸ್ ಕಳೆದು ಜಮೆಯಾದ ಮೊತ್ತ ಕಾಣುವ ಬ್ಯಾಂಕ್ ಪಾಸ್‌ಬುಕ್.

ಇದೆಲ್ಲ ಮುಗಿಯುವವರೆಗೆ ಉತ್ತರ ತಡೆಹಿಡಿಯಬೇಡಿ. ಪೋರ್ಟಲ್‌ನ 'ಪೆಂಡಿಂಗ್ ಆಕ್ಷನ್ಸ್' ವಿಭಾಗದಲ್ಲಿ ಬಾಕಿಗೆ ಪ್ರತಿಕ್ರಿಯೆ ನೀಡುವ ಪುಟವಿದೆ; ಅಲ್ಲಿ ಬಾಕಿಯನ್ನು ಒಪ್ಪುವುದಿಲ್ಲವೆಂದು ಆರಿಸಿ, ಕಾರಣ ಬರೆದು, ದಾಖಲೆ ಲಗತ್ತಿಸಿರಿ. ಅವಸರದಲ್ಲಿ 'ಬಾಕಿ ಸರಿ' ಎಂದು ಒತ್ತಿದರೆ ಆಮೇಲೆ ಅಲ್ಲಿ ತಕರಾರು ಎತ್ತಲು ಬರುವುದಿಲ್ಲ. ಮೇಲ್ಮನವಿಗೂ 30 ದಿನಗಳ ಗಡುವಿದ್ದು, ತಮ್ಮ ವಿಷಯದಲ್ಲಿ ಅದು ಮೀರಿದೆ. ತಿದ್ದುಪಡಿ ಅರ್ಜಿ ಫಲಿಸದಿದ್ದರೆ, ತಡವಾದ ಕಾರಣವನ್ನು ವಿವರಿಸಿ ಮನ್ನಿಸುವಂತೆ ಕೋರಿ ಮೇಲ್ಮನವಿ ಆಯುಕ್ತರ ಮುಂದೆ ಹೋಗಬಹುದು. ಆ ಹಂತಕ್ಕೆ ಬಂದರೆ ಹುಬ್ಬಳ್ಳಿಯಲ್ಲೋ ಹಾವೇರಿಯಲ್ಲೋ ಒಳ್ಳೆಯ ಲೆಕ್ಕಪರಿಶೋಧಕರನ್ನು ಕಾಣುವುದೇ ಲೇಸು.